ಮದುವೆ ಕಾರಿನ ಆರು ರಿವಿಟ್‌ಗಳು

1962ರ ಏಪ್ರಿಲ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಶಿಡ್ಲಘಟ್ಟದಲ್ಲಿ, ಮದುವೆಗಳಿಗೆ ಕಾರು ಓಡಿಸುವವರೊಬ್ಬರು ತಮ್ಮ ಕಾರು ಯಾವ ಸಿನಿಮಾದಲ್ಲೂ ಬಂದಿಲ್ಲ ಎಂದು ನನಗೆ ಹೇಳಿದರು. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ, “ಯಾವ ಸಿನಿಮಾದಲ್ಲೂ ಅನ್ನೋ ಕಡೆ ಒಂದು ಗೀಟು ಎಳೀರಿ ಸ್ವಾಮಿ,” ಎಂದರು. ಗೀಟು ಎಳೆದೆ.

ಇಲ್ಲ ಎನ್ನುವುದಕ್ಕೆ ಇಷ್ಟು ಒತ್ತು ಯಾಕೆ ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಆಗ ನಾನು ಚಿಕ್ಕಬಳ್ಳಾಪುರದಲ್ಲಿದ್ದು ಬೆಂಗಳೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕು ತಾಲ್ಲೂಕು ನನ್ನ ಪಾಲಿನವು. ಬರೆದದ್ದನ್ನು ಕವರಿಗೆ ಹಾಕಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ಕಚೇರಿಗೆ ತಲುಪುತ್ತಿತ್ತು. ಮಳೆ, ಬೆಳೆ, ಮಂತ್ರಿಗಳ ಭೇಟಿ, ಬಸ್ಸು ಮಗುಚಿದ್ದು, ಹೆಚ್ಚಾಗಿ ಇಂಥವೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳದೆ ಬರೆಯಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು.

ಕಾರಿನ ವಿಷಯ ನನ್ನ ಕಿವಿಗೆ ಹಾಕಿದವರು ಚಿಂತಾಮಣಿಯ ಒಂದು ಟೂರಿಂಗ್ ಟಾಕೀಸಿನ ಮ್ಯಾನೇಜರು. ಏಳೆಂಟು ವರ್ಷದ ಹಿಂದಿನ ಒಂದು ಸಾಂಸಾರಿಕ ಚಿತ್ರ ಅವರ ಡೇರೆಯಲ್ಲಿ ಮತ್ತೆ ಓಡುತ್ತಿತ್ತು. ಅದರಲ್ಲಿ ಬರುವ ದೊಡ್ಡ ಕಾರು ಈಗಲೂ ಶಿಡ್ಲಘಟ್ಟದಲ್ಲಿ ಮದುವೆಗಳಿಗೆ ಓಡಾಡುತ್ತಿದೆ ಎಂದು ಅವರು ಹೇಳಿದರು.

“ಅದೇ ಬಂಡಿ ಸ್ವಾಮಿ, ಅನುಮಾನವೇ ಲೇದು. ನೀವು ಪೇಪರ್‌ನಲ್ಲಿ ಒಂದು ನಾಕು ಸಾಲು ಹಾಕಿ. ಕಾರು ತಂದು ಗೇಟಲ್ಲಿ ನಿಲ್ಲಿಸ್ತೀನಿ, ಡೇರೆ ಹರಿದುಹೋಗೋ ಹಾಗೆ ಜನ ಬರ್ತಾರೆ.”

“ನಿಮಗೆ ಹೇಗೆ ಗೊತ್ತಾಯ್ತು?”

“ನೋಡಿದ್ರೆ ಗೊತ್ತಾಗಲ್ವಾ? ಹಂಗಿರೋ ಕಾರು ಈ ಸೀಮೇಲಿ ಎಷ್ಟಿದಾವೆ?”

ಡೇರೆ ತುಂಬಿಸಬೇಕಾದವರ ಮಾತು. ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಖಚಿತವಾದದ್ದನ್ನು ಮಾತ್ರ ಇಂಕಿನಲ್ಲಿ ಬರೆಯುವುದು ನನ್ನ ಅಭ್ಯಾಸವಾಗಿತ್ತು.

ಹಾಗಾಗಿ ಬುಧವಾರ ಸಣ್ಣ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋದಾಗ, ಸುಳ್ಳು ಹೇಳುವವರು ಮ್ಯಾನೇಜರೇ ಇರಬೇಕು ಎಂದುಕೊಂಡಿದ್ದೆ. ಕಾರಿನವರು ಹೌದು ಎಂದಿದ್ದರೆ ಇಬ್ಬರೂ ಸೇರಿ ಹೂಡಿದ ಆಟ ಎಂದುಕೊಂಡು ಅಲ್ಲಿಗೇ ಬಿಡುತ್ತಿದ್ದೆನೇನೋ. ಅವರು ಇಲ್ಲ ಎಂದರು. ಕಾರನ್ನು ಮದುವೆಗೆ ಬಾಡಿಗೆಗೆ ಕೊಡುವ ಮನುಷ್ಯನಿಗೆ ಅದು ಸಿನಿಮಾದ ಕಾರು ಎನಿಸಿಕೊಂಡರೆ ಲಾಭವೇ ಹೊರತು ನಷ್ಟ ಏನು?

ಅವರಿಗೆ ಆಗ ಐವತ್ತು ದಾಟಿತ್ತು. ಮೊದಲು ಗೌರಿಬಿದನೂರಿನ ಕಡೆಯ ಒಂದು ಜಮೀನ್ದಾರರ ಮನೆಯಲ್ಲಿ ಡ್ರೈವರಾಗಿದ್ದರು. ಯಜಮಾನರು ತೀರಿಕೊಳ್ಳುವ ಮುಂಚೆ, ಮಕ್ಕಳಿಗೆ ಹಳೇ ಕಾರು ಬೇಡವೆಂದು, ಅದನ್ನು ಇವರ ಹೆಸರಿಗೆ ಬರೆಸಿದ್ದರು. ಕೆಲ ಕಾಲ ಅಲ್ಲೇ ಬಾಡಿಗೆಗೆ ಓಡಿಸಿ, ಆಮೇಲೆ ಅದನ್ನು ತೆಗೆದುಕೊಂಡು ಹೆಂಡತಿ, ಮೂರು ಹೆಣ್ಣುಮಕ್ಕಳ ಜತೆ ಶಿಡ್ಲಘಟ್ಟಕ್ಕೆ ಬಂದಿದ್ದರು. ಮಾಘದಿಂದ ಜ್ಯೇಷ್ಠದವರೆಗೆ ಮದುವೆಗಳಿಗೆ ಓಡುವ ಆ ಕಾರೇ ಐದು ಜನರ ಅನ್ನ.

ಎತ್ತರದ ಕಾರು. ಮೇಲೆ ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸ್ ಟಾಪು, ಪಕ್ಕದಲ್ಲಿ ಅಗಲವಾದ ಫುಟ್‌ಬೋರ್ಡು, ರಬ್ಬರ್ ಬುಡ್ಡೆ ಒತ್ತುವ ಹಾರ್ನು, ಕಡ್ಡಿಯ ಚಕ್ರಗಳು. ಬಣ್ಣ ಕುಂಕುಮದ್ದು. ಗಂಡು ಹೆಣ್ಣು ಹಿಂದಿನ ಸೀಟಿನಲ್ಲಿ ಕೂತರೆ ಬೀದಿಯವರಿಗೆಲ್ಲ ಕಾಣುತ್ತಿದ್ದರು. ಈ ಕಾರನ್ನೇ ಜನ ಕೇಳಿಕೊಂಡು ಬರುತ್ತಿದ್ದುದು ಅದಕ್ಕೇ.

ಮುಂದಿನ ಸೀಟಿನ ಮೇಲೆ ಅರಿಶಿನದ ಬಟ್ಟೆ ಸುತ್ತಿದ ಒಂದು ತೆಂಗಿನಕಾಯಿ ಇತ್ತು. ಏನೆಂದು ಕೇಳಿದೆ.

“ಪೆರೇಸಂದ್ರದೋರದು. ವೈಶಾಖದಲ್ಲಿ ಮದುವೆ. ಎಲೆ ಅಡಿಕೆ, ಕಾಯಿ ಕೊಟ್ಟು ಹೋಗವ್ರೆ. ಮದ್ವೆ ಮುಗಿಯೋವರ್ಗೂ ಕಾಯಿ ಗಾಡೀಲೇ ಇರ್ಬೇಕು. ಅದು ಇಲ್ಲಿದ್ರೆ ಗಾಡಿ ಅವರ್ದು. ಬೇಡಾಂದ್ರೆ ಬಂದು ಕಾಯಿ ಇಸ್ಕೊಂಡು ಹೋಗ್ತಾರೆ.”

“ಯಾರಾದ್ರೂ ಇಸ್ಕೊಂಡು ಹೋಗಿದಾರಾ?”

“ಇಲ್ಲ,” ಎಂದರು. ಸ್ವಲ್ಪ ತಡೆದು, “ಇಲ್ಲಿ ಇಲ್ಲ,” ಎಂದರು.

ಇಲ್ಲಿ ಇಲ್ಲ ಎನ್ನುವುದನ್ನೂ ಬರೆದುಕೊಂಡೆ. ಕಾರಿನ ಬಣ್ಣ ಎಷ್ಟು ವರ್ಷದ್ದು ಎಂದು ಕೇಳಿದೆ. ಮೊದಲಿಂದಲೂ ಅದೇ ಎಂದರು. ಬಾಗಿಲ ಸಂದಿಯಲ್ಲಿ ಬೆರಳು ಹಾಕಿ ನೋಡಿದರೆ ಒಳಗೆ ಹಾಲಿನ ಕೆನೆಯ ಬಣ್ಣ ಕಾಣುತ್ತಿತ್ತು. ರಿಜಿಸ್ಟ್ರೇಷನ್ ಪುಸ್ತಕ ತೋರಿಸುತ್ತೀರಾ ಎಂದೆ. ಮನೆಯಲ್ಲಿದೆ ಎಂದರು. ಮನೆ ಎದುರಿಗೇ ಇತ್ತು. ಅವರು ಎದ್ದು ಹೋಗಲಿಲ್ಲ, ನಾನು ಮತ್ತೆ ಕೇಳಲಿಲ್ಲ.

ಹೊರಡುವಾಗ ಎಡಗಡೆಯ ಮುಂದಿನ ಮಡ್‌ಗಾರ್ಡನ್ನು ನೋಡಿದೆ. ಅಂಗೈ ಅಗಲದ ಒಂದು ತೇಪೆ ಇತ್ತು. ಬಣ್ಣ ದಪ್ಪವಾಗಿ ಬಳಿದಿದ್ದರಿಂದ ಕಣ್ಣಿಗಿಂತ ಕೈಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಬೆರಳಾಡಿಸಿದಾಗ ರಿವಿಟ್‌ಗಳ ಉಬ್ಬು ಸಿಕ್ಕಿತು. ಆರು. ಕೊನೆಯದು ಉಳಿದವಕ್ಕಿಂತ ದೊಡ್ಡದು.

“ಕೈ ತೆಗೀರಿ ಸ್ವಾಮಿ, ಬಣ್ಣ ಹೋಗ್ತದೆ,” ಎಂದರು ಅವರು.

ಶುಕ್ರವಾರ ಗೌರಿಬಿದನೂರಿಗೆ ಹೋದೆ. ವಿದುರಾಶ್ವತ್ಥದ ರಸ್ತೆಯಲ್ಲಿ ಆ ಚಿತ್ರದ ಶೂಟಿಂಗ್ ನಡೆದಿತ್ತು ಎಂದು ಮ್ಯಾನೇಜರು ಹೇಳಿದ್ದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಕಣ್ಣಾರೆ ಕಂಡವರು ಆಗಲೂ ಇದ್ದರು. ಬರೆದುಕೊಳ್ಳುವವನ ಎದುರು ಅವರು ಮಾತನ್ನು ತೂಗಿ ಆಡುತ್ತಿದ್ದರು. ಶೂಟಿಂಗ್ ಆಗಿದ್ದು ನಿಜ ಎಂದರು. ಕಾರು ಯಾರದೆಂದು ಕೇಳಿದರೆ, “ನಮ್ಗ್ಯಾಕಪ್ಪ ಆ ಮಾತು,” ಎಂದು ಎದ್ದುಹೋದರು. ಒಬ್ಬರಲ್ಲ, ಮೂವರು. ಎಂಟು ವರ್ಷದ ಹಿಂದಿನ ಒಂದು ಕಾರಿನ ಬಗ್ಗೆ ಬಾಯಿ ಬಿಡದಿರಲು ಇವರಿಗೆಲ್ಲ ಏನಾಗಿದೆ ಎಂದು ನನಗೆ ತಿಳಿಯಲಿಲ್ಲ.

ತೇಪೆ ಹಾಕಿದವರನ್ನು ಹುಡುಕುವುದು ಅದಕ್ಕಿಂತ ಸುಲಭವಾಯಿತು. ಗೌರಿಬಿದನೂರಿನಲ್ಲಿ ಆ ಕಾಲಕ್ಕೆ ಟಿಂಕರಿಂಗ್ ಮಾಡುತ್ತಿದ್ದ ಸಾಬರು ಒಬ್ಬರೇ. ರೈಲ್ವೆ ಗೇಟಿನ ಹತ್ತಿರ, ಬಕೆಟ್ಟಿಗೆ ತಳ ಕಟ್ಟುತ್ತ ಕೂತಿದ್ದರು.

“ಎಡಗಡೆ ಮಡ್ಗಾರ್ಡ್ ತಾನೆ? ಎತ್ತಿನ ಗಾಡಿ ಮೂಕಿ ತಗುಲಿ ತೂತಾಗಿತ್ತು. ನಾನೇ ಹಾಕಿದ್ದು. ವೆಲ್ಡಿಂಗ್ ಎಲ್ಲಿತ್ತು ಆಗ ಇಲ್ಲಿ? ತಗಡು ಇಟ್ಟು ರಿವಿಟ್ ಹೊಡೆದೆ.”

“ಎಷ್ಟು ಹೊಡೆದಿರಿ ಸಾಬರೇ?”

“ಆರು. ಐದಕ್ಕೇ ಮುಗೀತು ನನ್ ಹತ್ರ ಇದ್ದಿದ್ದು. ಆ ಡ್ರೈವರಣ್ಣ ತಲೆ ಮೇಲೆ ನಿಂತಿದ್ದ, ಬೇಗ ಬೇಗ ಅಂತ. ನೀರು ಕಾಯಿಸೋ ಹಂಡೆದು ಒಂದು ಬಿದ್ದಿತ್ತು, ಅದನ್ನೇ ಬಡಿದೆ. ಅದು ದೊಡ್ಡದು. ಎಲ್ರೂ ನಕ್ಕರು, ಕಾರಿಗೆ ಹಂಡೆ ಮೂಗುಬೊಟ್ಟು ಅಂತ.”

“ಅಷ್ಟು ಅವಸರ ಯಾಕೆ?”

ಸಾಬರು ಸುತ್ತಿಗೆ ಕೆಳಗಿಟ್ಟರು. “ಮಾರನೇ ದಿನ ಸಿನಿಮಾದೋರು ಬರ್ತಾರೆ ಅಂತ. ಯಾಕೆ, ಅವನು ಹೇಳ್ಲಿಲ್ವಾ?”

“ಇಲ್ಲ ಅಂತಾರೆ.”

“ಇಲ್ಲ ಅಂತಾನಾ,” ಎಂದು ಅವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರೆ ನಾನೂ ಏನೂ ಹೇಳ್ಲಿಲ್ಲ.” ಸುತ್ತಿಗೆ ಎತ್ತಿಕೊಂಡರು. ಬಕೆಟ್ಟಿನ ಸದ್ದಿನಲ್ಲಿ ಆಮೇಲೆ ಮಾತು ಸಾಗಲಿಲ್ಲ.

ಶನಿವಾರ ಮಧ್ಯಾಹ್ನ ಚಿಂತಾಮಣಿ. ಡೇರೆ ಖಾಲಿ ಇತ್ತು. ಮೆಷಿನ್ ಓಡಿಸುವ ಆಪರೇಟರು ಹಿಂದಿನ ದಿನದ ರೀಲುಗಳನ್ನು ಮೇಜಿನ ಮೇಲೆ ವಾಪಸ್ ಸುತ್ತುತ್ತಿದ್ದರು. ಕಾರು ಬರುವ ಕಡೆ ಮೆಷಿನ್ ನಿಲ್ಲಿಸಿ ತೋರಿಸಲು ಆಗುತ್ತದೆಯೇ ಎಂದು ಕೇಳಿದೆ. ನಿಲ್ಲಿಸಿದರೆ ದೀಪದ ಕಾವಿಗೆ ಫಿಲಂ ಸುಟ್ಟುಹೋಗುತ್ತದೆ ಎಂದರು. ಬೇಕಾದರೆ ಬಿಸಿಲಿಗೆ ಹಿಡಿದು ನೋಡಿ ಎಂದು ಆ ರೀಲನ್ನು ಬಿಚ್ಚಿ, ಎರಡೂ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಎದುರಿನ ಗಡಿಯಾರ ರಿಪೇರಿಯವರಿಂದ, ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹತ್ತು ನಿಮಿಷಕ್ಕೆಂದು ತಂದೆ.

ಹುಣಸೆ ಮರಗಳ ರಸ್ತೆ. ಕಾರು ಎಡಗಡೆಯನ್ನು ನಮ್ಮತ್ತ ಮಾಡಿ ಬರುತ್ತದೆ. ನಂಬರ್ ಪ್ಲೇಟು ಬೇರೆ ಇತ್ತು. ಸಿನಿಮಾದವರು ಬದಲಿಸುವುದುಂಟು ಎಂದರು ಆಪರೇಟರು, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಪ್ಪು ಬಿಳುಪಿನಲ್ಲಿ ಬಣ್ಣವೂ ಸಾಕ್ಷಿಯಲ್ಲ. ಕಾರು ಹತ್ತಿರ ಬಂದ ಫಿಲಂ ಚೌಕಗಳಲ್ಲಿ ಮಡ್‌ಗಾರ್ಡು ಸ್ಪಷ್ಟವಾಗಿತ್ತು. ತೇಪೆ. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ದೊಡ್ಡದು. ಬೇರೆ ಬೇರೆ ಚೌಕಗಳಲ್ಲಿ ನಾಲ್ಕು ಸಲ ಎಣಿಸಿದೆ. ಆಪರೇಟರೂ ಎಣಿಸಿದರು.

ಮ್ಯಾನೇಜರು ತೊಡೆ ತಟ್ಟಿ, “ನೇನು ಚೆಪ್ಪಲೇದಾ? ಹೇಳಿದ್ನೋ ಇಲ್ವೋ ಸ್ವಾಮಿ?” ಎಂದರು. ನಾನು ಇಂಕಿನ ಪೆನ್ನು ತೆಗೆದೆ.

ಭಾನುವಾರ ಶಿಡ್ಲಘಟ್ಟದಲ್ಲಿ, ಅದೇ ಬೀದಿಯಲ್ಲಿ, ಕಂಡದ್ದನ್ನೆಲ್ಲ ಡ್ರೈವರಿಗೆ ಓದಿ ಹೇಳಿದೆ. ಯಾರ ವಿಷಯ ಬರೆಯುತ್ತೇವೋ ಅವರಿಗೆ ಉತ್ತರಿಸಲು ಒಂದು ಅವಕಾಶ ಕೊಡಬೇಕು ಎಂಬುದು ಇನ್ನೊಂದು ನಿಯಮ. ಅವರು ಫುಟ್‌ಬೋರ್ಡಿನ ಮೇಲೆ ಕೂತರು.

“ಸಿನಿಮಾ ನೋಡಿದ್ರಾ ಸ್ವಾಮಿ?”

“ಆ ರೀಲು ನೋಡಿದೆ.”

“ರೀಲು ನೋಡಿದ್ರಿ. ಸಿನಿಮಾ ನೋಡಿದ್ರಾ?”

ನೋಡಿರಲಿಲ್ಲ. ಮಡ್‌ಗಾರ್ಡು ಬಿಟ್ಟು ಇನ್ನೇನನ್ನೂ ನೋಡಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು ಎಂಬುದು ನೆನಪಿತ್ತು, ಯಾರೆಂದು ಗಮನಿಸಿರಲಿಲ್ಲ.

“ಆ ಸೀಟಲ್ಲಿ ಗಂಡ ಸಾಯ್ತಾನೆ,” ಎಂದರು ಅವರು. “ಹೆಂಡ್ತಿ ತೊಡೆ ಮೇಲೆ ತಲೆ ಇಟ್ಕೊಂಡು ಸಾಯ್ತಾನಂತೆ. ಅವಳು ಅಲ್ಲೇ ಬಳೆ ಒಡ್ಕೋತಾಳಂತೆ. ನಾನು ಇವತ್ತಿನವರ್ಗೂ ನೋಡಿಲ್ಲ. ನೋಡಿ ಬಂದೋರು ಹೇಳಿದ್ದು. ಅದು ಗೌರಿಬಿದನೂರಿಗೆ ಬಂದು ಒಂದು ವಾರ ಓಡ್ತು ನೋಡಿ, ಆ ವರ್ಷ ನಾಕು ಕಾಯಿ ಇತ್ತು ಗಾಡೀಲಿ. ನಾಕನ್ನೂ ಇಸ್ಕೊಂಡು ಹೋದ್ರು. ಮುತ್ತೈದೆ ಕೂತು ತಾಳಿ ಕಳ್ಕೊಂಡ ಸೀಟಲ್ಲಿ ನಮ್ ಮಗೂನ ಹೆಂಗಪ್ಪ ಕೂರ್ಸಾದು ಅಂದ್ರು. ಏನ್ ಹೇಳ್ಲಿ?”

“ಅದು ನಾಟಕ ಅಲ್ವಾ ಅಣ್ಣಾ?”

“ನನಗ್ ಹೇಳ್ತೀರಾ? ನಾನೇ ಓಡ್ಸಿದ್ದು ಗಾಡಿ, ಹಿಂದೆ ಏನ್ ಆಡಿದ್ರೋ ತಿರುಗಿ ನೋಡ್ಲಿಲ್ಲ. ಮೂರು ಸಲ ಓಡ್ಸಿದ್ರು. ಇಳಿದ್ಮೇಲೆ ಆ ಸತ್ತೋನು ನನ್ ಹತ್ರ ಬೀಡಿ ಇಸ್ಕೊಂಡು ಸೇದ್ದ. ಆದ್ರೆ ಜನಕ್ಕೆ ಬೀಡಿ ಕಾಣಲ್ಲ ಸ್ವಾಮಿ, ಹೆಣ ಕಾಣ್ತದೆ.”

ಬಣ್ಣ ಬದಲಿಸಿದ್ದು, ಊರು ಬದಲಿಸಿದ್ದು, ಹಳೇ ಬಣ್ಣ, ಹಳೇ ಊರು ಬರೆದಿರುವ ಪುಸ್ತಕ ತೋರಿಸದಿದ್ದುದು, ಮೂರಕ್ಕೂ ಕಾರಣ ಸಿಕ್ಕಿತು. ವಿದುರಾಶ್ವತ್ಥದವರು ಯಾಕೆ ಎದ್ದುಹೋದರು, ಸಾಬರು ಯಾಕೆ ಸುತ್ತಿಗೆ ಎತ್ತಿಕೊಂಡರು ಎಂಬುದೂ ತಿಳಿಯಿತು. ಆದರೂ ಒಂದು ಸಂಶಯ ಉಳಿಯಿತು. ಕಾರಣ ಇಷ್ಟು ಚೆನ್ನಾಗಿ ಹೊಂದಿಕೊಂಡಾಗ ನಾನು ಅದನ್ನು ಸುಲಭವಾಗಿ ಒಪ್ಪುತ್ತಿರಲಿಲ್ಲ. ಮೊದಲ ದಿನ ಸುಳ್ಳು ಹೇಳಿದವರು ಎರಡನೆಯ ದಿನ ಹೇಳಿದ್ದು ಎಷ್ಟು ನಿಜ?

“ಬರೀತೀರಾ?” ಎಂದು ಕೇಳಿದರು.

“ಸಿನಿಮಾ ನೋಡಿ ಬರ್ತೀನಿ,” ಎಂದೆ.

ಅಂದೇ ಸಂಜೆಯ ಆಟಕ್ಕೆ ಚಿಂತಾಮಣಿಯ ಡೇರೆಯಲ್ಲಿ ಕುರ್ಚಿಯ ಸಾಲಿನಲ್ಲಿ ಕೂತೆ. ಹುಣಸೆ ಮರಗಳ ರಸ್ತೆಯಲ್ಲಿ ಕಾರು ಬಂತು. ಗಂಡನಿಗೆ ಹುಷಾರಿಲ್ಲ, ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ. ರಸ್ತೆಯಲ್ಲಿರುವಷ್ಟು ಹೊತ್ತೂ ಅವನು ಸೀಟಿಗೆ ಒರಗಿ ಕೂತಿದ್ದಾನೆ, ಕೈ ಎತ್ತಿ ದಾರಿ ತೋರಿಸುತ್ತಾನೆ. ಆಮೇಲೆ ಚಿತ್ರ ಕಾರಿನ ಒಳಗೆ ಹೋಗುತ್ತದೆ. ಹೆಂಡತಿಯ ತೊಡೆ, ಅವನ ತಲೆ, ಅವಳ ಕಣ್ಣೀರು, ಬಳೆಗಳು. ನೆಲದ ಸಾಲಿನಲ್ಲಿ ಹೆಂಗಸರು ಅಳುತ್ತಿದ್ದರು. ಪಕ್ಕದವರು ಮೂಗು ಒರೆಸಿಕೊಂಡರು. ನಾನು ಅವಳ ತಲೆಯ ಹಿಂದೆ ನೋಡುತ್ತಿದ್ದೆ. ಅಲ್ಲಿ ಕಿಟಕಿ ಇತ್ತು. ಕಿಟಕಿಗೆ ಗಾಜು ಇತ್ತು. ಗಾಜಿನ ಕೆಳಗೆ ಅದನ್ನು ಏರಿಸಿ ಇಳಿಸುವ ಹಿಡಿ ಇತ್ತು.

ಕ್ಯಾನ್ವಾಸ್ ಟಾಪಿನ ಆ ಕಾರಿನ ಬಾಗಿಲುಗಳಿಗೆ ಗಾಜೇ ಇರಲಿಲ್ಲ. ಮಳೆ ಬಂದರೆ ಟಾಪಿಗೆ ಪರದೆ ಸಿಕ್ಕಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ಭೂತಗನ್ನಡಿ ಮತ್ತೆ ಇಸಿದುಕೊಂಡು ಬಿಸಿಲಿನಲ್ಲಿ ಸಾವಿನ ದೃಶ್ಯದ ಚೌಕಗಳನ್ನು ನೋಡಿದೆ. ಸಂಶಯವಿರಲಿಲ್ಲ. ರಸ್ತೆಯ ಕಾರು ಒಂದು, ಸಾವಿನ ಕಾರು ಇನ್ನೊಂದು. ಒಳಗಿನದನ್ನು ಸ್ಟುಡಿಯೋದಲ್ಲಿ ಬೇರೆ ಗಾಡಿ ಇಟ್ಟು ತೆಗೆದಿರುತ್ತಾರೆ ಎಂದರು ಆಪರೇಟರು. ಇಷ್ಟು ಆಟ ಓಡಿಸಿಯೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. “ಆ ಹೊತ್ತಿಗೆ ಎಲ್ರೂ ಸೆರಗು ಕಣ್ಣಿಗೆ ಹಿಡ್ಕೊಂಡಿರ್ತಾರೆ. ಗಾಜು ಯಾರು ನೋಡ್ತಾರೆ ಸಾರ್?” ಎಂದರು. ಹಳೇ ಪ್ರಿಂಟು ಆ ಜಾಗದಲ್ಲಿ ಹರಿದು, ಅಂಟಿಸುವಾಗ ನಾಲ್ಕು ಚೌಕಗಳ ಒಂದು ತುಂಡು ಉಳಿದಿತ್ತು. ಅದನ್ನು ನನಗೆ ಕೊಟ್ಟರು. ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡೆ.

ಸುದ್ದಿಯನ್ನು ಅಂದು ಸಂಜೆ ಬರೆದೆ. ಮೊದಲ ಪ್ಯಾರಾದಲ್ಲಿ, ಶಿಡ್ಲಘಟ್ಟದ ಮದುವೆ ಕಾರು ಆ ಚಿತ್ರದಲ್ಲಿ ಕಾಣಿಸಿಕೊಂಡದ್ದೇ ಎಂಬುದು ಖಚಿತವಾಗಿದೆ ಎಂದು. ಎರಡನೆಯದರಲ್ಲಿ ತೇಪೆ, ರಿವಿಟ್ಟು. ಮೂರನೆಯದರಲ್ಲಿ ಶೂಟಿಂಗ್ ನಡೆದ ಜಾಗ. ಕೊನೆಯದರಲ್ಲಿ, ಸಾವಿನ ದೃಶ್ಯದ ಕಾರು ಇದಲ್ಲ, ಅದಕ್ಕೆ ಗಾಜಿನ ಕಿಟಕಿ ಇದೆ, ಇದಕ್ಕೆ ಇಲ್ಲ ಎಂದು. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. ಬರೆಯುವ ಕ್ರಮ ಅದು. ಮಂಗಳವಾರ ಬೆಳಿಗ್ಗೆ ಕಂಡಕ್ಟರ್ ಕೈಗೆ ಕವರು ಕೊಟ್ಟೆ.

ಗುರುವಾರದ ಪತ್ರಿಕೆಯಲ್ಲಿ ಬಂತು. ಮೂರು ಪ್ಯಾರಾ ಬಂದಿತ್ತು. ಜಾಗ ಸಾಲದಾಗ ಕೆಳಗಿನಿಂದ ಕತ್ತರಿಸುವುದು ಎಲ್ಲ ಕಚೇರಿಗಳ ಪದ್ಧತಿ. ಪೋಸ್ಟಾಫೀಸಿನಿಂದ ಟ್ರಂಕ್ ಕಾಲ್ ಹಾಕಿ ಉಪಸಂಪಾದಕರನ್ನು ಹಿಡಿದೆ. ಕೊನೆಯ ಪ್ಯಾರಾವನ್ನು ನಾಳೆಯಾದರೂ ಹಾಕಿ ಎಂದೆ.

“ಕಾರಿನ ಗಾಜಿಗೆ ತಿದ್ದುಪಡಿ ಹಾಕಣಾ ಅಂತೀರಾ?” ಎಂದು ಅವರು ನಕ್ಕರು. “ಬಂದಿರೋದರಲ್ಲಿ ತಪ್ಪು ಏನಿದೆ ಹೇಳ್ರೀ.”

ಬಂದಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ.

ಮ್ಯಾನೇಜರು ಆ ಸುದ್ದಿಯನ್ನು ಕತ್ತರಿಸಿ ಡೇರೆಯ ಗೇಟಿನಲ್ಲಿ ರಟ್ಟಿಗೆ ಅಂಟಿಸಿ ನೇತುಹಾಕಿದರು. ಕೈವಾರಕ್ಕೆ ಹೋಗಿ ಬರುವ ಯಾತ್ರಿಕರು ಚಿಂತಾಮಣಿಯಲ್ಲಿ ಬಸ್ಸು ಬದಲಿಸುವಾಗ ಅದನ್ನು ಓದಿದರು. ಓದು ಬಾರದವರಿಗೆ ಓದಿ ಹೇಳುವವರು ಇದ್ದರು. ಶನಿವಾರ ಬೆಳಿಗ್ಗೆ ಶಿಡ್ಲಘಟ್ಟದಿಂದ ಬಂದ ಬಸ್ಸಿನ ಕಂಡಕ್ಟರು ನನಗೆ ಮದುವೆ ಕಾರಿನ ಡ್ರೈವರಿಂದ ಒಂದು ಸಂದೇಶ ಹೇಳಿದರು: “ಪೆರೇಸಂದ್ರದೋರು ಇವತ್ತು ಕಾಯಿಗೆ ಬರ್ತಾರಂತೆ. ನಿಮ್ಮ ನೋಟ್‌ಬುಕ್ಕೂ ತಗೊಂಡು ಬರ್ಬೇಕಂತೆ.”

ಗಡಿಯಾರ ರಿಪೇರಿಯವರ ಭೂತಗನ್ನಡಿ ವಾಪಸ್ ಕೊಟ್ಟಿದ್ದೆ. ಚಿಕ್ಕಬಳ್ಳಾಪುರದಲ್ಲೇ ಇನ್ನೊಬ್ಬ ಗಡಿಯಾರದವರ ಹತ್ತಿರ ಒಂದನ್ನು ಕೇಳಿ ತೆಗೆದುಕೊಂಡು ಹೊರಟೆ.

ನಾನು ಹೋದಾಗ ಮದುವಣಗಿತ್ತಿಯ ತಂದೆಯೂ ಅಜ್ಜಿಯೂ ಕಾರಿನ ಪಕ್ಕದಲ್ಲಿ ನಿಂತಿದ್ದರು. ತಂದೆಯ ಕೈಯಲ್ಲಿ ಪತ್ರಿಕೆಯ ಹಾಳೆ ಇತ್ತು. ಡ್ರೈವರ ಹೆಂಡತಿ ಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಯಿ ಇನ್ನೂ ಸೀಟಿನ ಮೇಲೆಯೇ ಇತ್ತು.

“ನೀವೇನಾ ಬರೆದಿದ್ದು?” ಎಂದು ಕೇಳಿದರು ತಂದೆ. “ನಿಜಾನಾ?”

“ನಿಜ.”

“ನಾವು ಕೇಳಿದಾಗ ಇವ್ರು ಇಲ್ಲ ಅಂದಿದ್ರಲ್ಲ.”

“ನನಗೂ ಇಲ್ಲ ಅಂದಿದ್ರು. ಸುಳ್ಳು ಹೇಳಿದ್ರು.”

ಡ್ರೈವರು ನನ್ನ ಮುಖ ನೋಡಿದರು. ನಾನು ನೋಟ್‌ಬುಕ್ ತೆಗೆದು, ಪತ್ರಿಕೆಯಲ್ಲಿ ಬಾರದ ಕೊನೆಯ ಪ್ಯಾರಾವನ್ನು ಓದಿದೆ. ತಂದೆ ಕೇಳಿಸಿಕೊಂಡು, “ಇದು ಪೇಪರ್‌ನಲ್ಲಿ ಇಲ್ವಲ್ಲ,” ಎಂದರು. ಜಾಗವಿಲ್ಲದೆ ಬಿಟ್ಟರು ಎಂದೆ. ಅವರು ಡ್ರೈವರನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಫಿಲಂ ತುಂಡನ್ನೂ ಭೂತಗನ್ನಡಿಯನ್ನೂ ಕೊಟ್ಟೆ. ತಂದೆ ಬಿಸಿಲಿಗೆ ಹಿಡಿದು ನೋಡಿದರು, ಏನೂ ಕಾಣಲಿಲ್ಲವೆಂದರು.

“ತತ್ತಾರೋ ಇಲ್ಲಿ,” ಎಂದು ಅಜ್ಜಿ ಕಿತ್ತುಕೊಂಡರು. “ರಾಗೀಲಿ ಕಲ್ಲು ಆರ್ಸೋ ಕಣ್ಣು ಇದು.” ಒಂದು ಕಣ್ಣು ಮುಚ್ಚಿ, ತುಂಡನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. “ಇವಳ್ಯಾರಪ್ಪ ಅಳ್ತಾವ್ಳೆ… ಹೂಂ. ಹಿಂದೆ ಗಾಜೈತೆ ಕಣೋ. ಹಿಡೀನೂ ಐತೆ, ಬಸ್ಸಲ್ಲಿ ಇರ್ತದಲ್ಲ, ಹಂಗೆ.”

ತುಂಡನ್ನು ನನ್ನ ಕೈಗೆ ಕೊಟ್ಟು ಅವರು ಕಾರಿನ ಹಿಂದಿನ ಬಾಗಿಲ ಹತ್ತಿರ ಹೋದರು. ಬಾಗಿಲ ಮೇಲಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದರು. ಆ ಕಡೆಯ ಬಾಗಿಲಿಗೂ ಹೋಗಿ ಎಳೆದರು. ಆಮೇಲೆ ಡ್ರೈವರಿಗೆ ಹೇಳಿದರು:

“ಇಲ್ಲಿ ಗಾಜು ಇಳಿಯಾಕೆ ಸಂದೀನೇ ಇಲ್ವಲ್ಲೋ. ಮೊದ್ಲೇ ಬಾಯ್ ಬಿಟ್ಟು ಹೇಳಾಕೇನಾಗಿತ್ತು ನಿಂಗೆ?”

“ನಾನೇ ನೋಡಿರ್ಲಿಲ್ಲ ಅಮ್ಮಾ.”

“ಎಂಟು ವರ್ಷ ಹೆದರ್ಕೊಂಡು ಸತ್ತೆ, ಒಂದ್ ಸಲಾನೂ ಹೋಗಿ ನೋಡ್ಲಿಲ್ಲ. ಗಂಡಸ್ರು,” ಎಂದರು ಅಜ್ಜಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ. ಮತ್ತೆ ನನ್ನ ಕಡೆ, “ಆ ಗಾಜಿನ ಗಾಡಿ ಯಾರ್ದಪ್ಪ? ಅದ್ಯಾವ ಮದ್ವೆಗೆ ಹೋಗ್ತೈತೋ, ಏನ್ ಕತೆಯೋ. ಅದನ್ನ ಬರೀರಿ ನೀವು.”

ಅದು ಯಾರದೆಂದು ಗೊತ್ತಿಲ್ಲ ಎಂದೆ.

“ಗೊತ್ತಿಲ್ದಿದ್ರೆ ಬಿಡಿ.”

ತಂದೆ ಆಗಲೂ ಸೀಟಿನ ಕಡೆಯೇ ನೋಡುತ್ತಿದ್ದರು. “ಗಂಡಿನ ಕಡೇರು ಕೇಳಿದ್ರೆ ಏನಮ್ಮಾ ಹೇಳ್ಲಿ?” ಎಂದರು.

“ಬಾಗ್ಲು ತೋರ್ಸು. ಬೆರಳು ಇಟ್ಟು ನೋಡ್ಕಳ್ಲಿ. ಕಾಯಿ ಅಲ್ಲೇ ಇರ್ಲಿ,” ಎಂದು ಅಜ್ಜಿ ಸೆರಗು ಕೊಡವಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ತಂದೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹಿಂದೆ ಹೋದರು.

ಮೇ ತಿಂಗಳಲ್ಲಿ ಮದುವೆ ನಡೆಯಿತು. ಮೆರವಣಿಗೆಗೆ ಆ ಕಾರೇ ಹೋಯಿತು. ಹೊರಡುವ ಮುಂಚೆ ಗಂಡಿನ ಕಡೆಯ ಹಿರಿಯರೊಬ್ಬರು ಎರಡೂ ಬಾಗಿಲುಗಳ ಮೇಲಂಚನ್ನು ಮುಟ್ಟಿ ನೋಡಿದರು ಎಂದು ಡ್ರೈವರು ನನಗೆ ಹೇಳಿದರು. ಆಮೇಲೆ ಕಾಯಿ ಕೊಟ್ಟಿದ್ದ ಇನ್ನಿಬ್ಬರು ಆ ವರ್ಷ ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದರು, ಇಬ್ಬರೂ ಚಿಂತಾಮಣಿಯ ಕಡೆಯವರು. ಕೊನೆಯ ಪ್ಯಾರಾ ಪತ್ರಿಕೆಯಲ್ಲಿ ಬರಲಿಲ್ಲ. ಕಾರನ್ನು ಡೇರೆಯ ಗೇಟಿಗೆ ತರುವಂತೆ ಮ್ಯಾನೇಜರು ಎರಡು ಸಲ ಹೇಳಿಕಳಿಸಿದರು, ಡ್ರೈವರು ಹೋಗಲಿಲ್ಲ. ಜೂನ್‌ನಲ್ಲಿ ಚಿತ್ರದ ಪೆಟ್ಟಿಗೆ ಬೇರೆ ಊರಿಗೆ ಹೋಯಿತು.

ಆ ಕಾರನ್ನು ನಾನು ಕೊನೆಯ ಸಲ ನೋಡಿದ್ದು 1967ರಲ್ಲಿ, ಕೈವಾರದಲ್ಲಿ, ಬಸ್ಸುಗಳು ನಿಲ್ಲುವ ಕಡೆ. ಬಾನೆಟ್ಟಿನ ಮೇಲೆ ಕನಕಾಂಬರದ ಹಾರ ಇತ್ತು. ಮುಂದಿನ ಸೀಟಿನ ಮೇಲೆ ಬಟ್ಟೆ ಸುತ್ತಿದ ಎರಡು ಕಾಯಿಗಳಿದ್ದವು. ಎಡಗಡೆಯ ಮಡ್‌ಗಾರ್ಡಿನ ತೇಪೆಯನ್ನು ಮರೆಸಲು ಬಳಿದಿದ್ದ ದಪ್ಪ ಬಣ್ಣವನ್ನು ಡ್ರೈವರು ಕೆರೆದು ತೆಗೆದಿದ್ದರು. ರಿವಿಟ್‌ಗಳು ಕಾಣುತ್ತಿದ್ದವು. ಆರು.